ಚಂದ್ರಲೋಕದ ಬೂಟಿನ ದನಿ

೧೯೪೩ರ ಬೇಸಿಗೆಯ ಒಂದು ಮುಂಜಾನೆ, ಧಾರವಾಡದಿಂದ ಹೆಬ್ಬಳ್ಳಿಗೆ ಹೋಗುವ ದಾರಿಯ ಪಕ್ಕದ ಕಲ್ಲುಬಯಲಿನಲ್ಲಿ, ಚಂದ್ರಲೋಕದ ಸೈನ್ಯವನ್ನು ಫೌಜದಾರರು ತಡೆದು ನಿಲ್ಲಿಸಿದರು. ಸ್ಥಳದಲ್ಲಿದ್ದ ನಾನು ಆ ವಾರವೇ ಸುದ್ದಿ ಬರೆದುಕೊಟ್ಟೆ. ಯುದ್ಧದ ಸುದ್ದಿಗಳ ಒತ್ತಡದಲ್ಲಿ ಅದು ನಮ್ಮ ಪತ್ರಿಕೆಯಲ್ಲಿ ಅಚ್ಚಾಗಲಿಲ್ಲ. ಇಷ್ಟು ವರ್ಷಗಳ ಮೇಲೆ ಅದು ನೆನಪಾಗಲು ಕಾರಣ ನನ್ನ ಜೋಡು. ಹೆಜ್ಜೆ ಹೆಜ್ಜೆಗೂ ಕಿರ್ರೆನ್ನುತ್ತಿದ್ದ ಅದು ಹೋದ ವಾರ ಇದ್ದಕ್ಕಿದ್ದಂತೆ ಮೌನ ಹಿಡಿಯಿತು. ನಾನು ಕಚೇರಿಯ ಮೆಟ್ಟಿಲೇರುವುದು ಸಂಪಾದಕರಿಗೆ ತಿಳಿಯದಾಯಿತು. ತಡವಾಗಿ ಬರುವವನಿಗೆ ಇದು ಸೌಕರ್ಯವಲ್ಲವೇ ಎಂದು ನೀವು ಕೇಳಬಹುದು. ಆದರೆ, ಓದುಗ ಮಿತ್ರರೇ, ಎಂದೋ ಒಮ್ಮೆ ಬೇಗ ಬಂದ ದಿನದ ಪುಣ್ಯವೂ ಅದರೊಡನೆ ನಷ್ಟವಾಗುತ್ತದೆ.

ನಮ್ಮ ಕಡೆ ಜೋಡು ಕಿರುಗುಟ್ಟುವುದು ದೋಷವಲ್ಲ, ಅಲಂಕಾರ. ಅಟ್ಟೆಯ ಪದರಗಳ ನಡುವೆ ಒಣಗಿದ ಬೀಜಗಳನ್ನಿಟ್ಟು ಹೊಲಿಯುತ್ತಾರೆ. ಹುಬ್ಬಳ್ಳಿಯ ದಸ್ತಗೀರಸಾಹೇಬರು ಅದಕ್ಕೆ ‘ದನಿ ಹಾಕುವುದು’ ಎನ್ನುತ್ತಾರೆ. ಪದವೆಂದರೆ ಪಾದವೂ ಹೌದು, ಮಾತೂ ಹೌದು; ಬೂಟು, ಚಪ್ಪಲಿ ಎರಡನ್ನೂ ಹೊಲಿಯುವ ಅವರದೂ ಪದಗಳ ಕಸುಬು, ನನ್ನದೂ ಪದಗಳ ಕಸುಬು. ವ್ಯತ್ಯಾಸವಿಷ್ಟೇ, ಅವರ ಹೊಲಿಗೆ ಬಿಚ್ಚುವುದಿಲ್ಲ.

ಆ ವರ್ಷ ಹತ್ತಿ ವ್ಯಾಪಾರಿ ಚನ್ನಬಸಪ್ಪನವರಿಗೆ ಚಲನಚಿತ್ರ ತೆಗೆಯುವ ಹುಮ್ಮಸ್ಸು ಬಂದಿತ್ತು. ಭೂಲೋಕದ ರಾಜಕುಮಾರನೊಬ್ಬ ಆಕಾಶಯಂತ್ರದಲ್ಲಿ ಚಂದ್ರನಿಗೆ ಹೋಗಿ ಅಲ್ಲಿನ ಸೈನ್ಯವನ್ನು ಎದುರಿಸುವ ಕತೆ. ಟಾಕೀಜಿನಲ್ಲಿ ಇಂಥದೇ ಒಂದು ಪರದೇಶದ ಚಿತ್ರ ನೋಡಿದ್ದ ಅವರಿಗೆ, ಅನ್ಯಗ್ರಹದ ಸಿಪಾಯಿಗಳು ಬರಿಯ ಕಾಲುಚೀಲದಲ್ಲಿ ಕವಾಯತು ಮಾಡಿದ್ದು ಸಹನವಾಗಿರಲಿಲ್ಲ.

“ಚಂದ್ರನ ಮ್ಯಾಲಿಂದಾದರೂ ದಂಡು ದಂಡ ಅಲ್ಲೇನ್ರಿ? ಬೂಟ ಒಂದ ಖರೇ ಇದ್ದರ ಉಳಿದ ಸುಳ್ಳೆಲ್ಲಾ ಮಂದಿ ನಂಬತಾರ,” ಎಂದಿದ್ದರು ನನ್ನೊಡನೆ. ಪತ್ರಿಕೆಯವನಾಗಿ ಆ ಮಾತನ್ನು ನಾನು ಅಲ್ಲಗಳೆಯಲಾರೆ.

ಹೀಗಾಗಿ ಅಂಗಿಗೆ ಬೆಳ್ಳಿಯ ಬಣ್ಣ ಬಳಿದದ್ದಾಯಿತು, ತಲೆಗೆ ಬೋಗುಣಿ ಬೋರಲು ಹಾಕಿದ್ದಾಯಿತು. ಬೂಟಿನಲ್ಲಿ ಮಾತ್ರ ರಾಜಿಯಿಲ್ಲ. ಅಮ್ಮಿನಬಾವಿಯ ನಿವೃತ್ತ ಸಿಪಾಯಿಯೊಬ್ಬರ ಹಳೆಯ ಬೂಟನ್ನು ಮಾದರಿಗೆ ತಂದು ದಸ್ತಗೀರಸಾಹೇಬರ ಮುಂದಿಟ್ಟರು. ಅವರು ಮೊಳೆ, ಹಿಮ್ಮಡಿಯ ಲಾಳ, ಮೂತಿಯ ಮಡಿಕೆ ಯಾವುದನ್ನೂ ಬಿಡದೆ ಇಡೀ ಸೈನ್ಯಕ್ಕೆ ಬೂಟು ಹೊಲಿದರು. ಉಪ್ಪಿನಬೆಟಗೇರಿಯ ತರುಣರು ಅದನ್ನು ಮೆಟ್ಟಿ ಒಂದೇ ಮುಂಜಾನೆಯಲ್ಲಿ ಚಂದ್ರವಂಶದವರಾದರು.

ಕ್ಯಾಮೆರಾ ತಿರುಗಿತು, ಸೈನ್ಯ ನಡೆಯಿತು, ಬಯಲೆಲ್ಲ ಕಿರ್ರ್ ಎಂದಿತು. ಧ್ವನಿ ಹಿಡಿಯುವವನು ಕಿವಿಗೆ ಹಾಕಿಕೊಂಡದ್ದನ್ನು ಕಿತ್ತು ಕೆಳಗಿಟ್ಟ.

“ದಸ್ತಗೀರಣ್ಣಾ, ದಂಡು ಬರಾಕತ್ತೈತೋ, ಬೀಗರು ಬರಾಕತ್ತಾರೋ?” ಎಂದು ಚನ್ನಬಸಪ್ಪನವರು ಕೂಗಿದರು.

“ಮಿಲಿಟ್ರಿ ಬೂಟಿನಾಗ ಎಲ್ಲಾ ಛಲೋ ಇತ್ರಿ, ದನಿ ಒಂದ ಇರಲಿಲ್ಲ. ಮೂಕ ಜೋಡು ನನ್ನ ಕೈಲೆ ಹ್ಯಾಂಗ ಕೊಡ್ಲಿ?”

“ಚಂದ್ರನ ಮ್ಯಾಲ ಗಾಳಿನ ಇಲ್ಲಂತ! ಸಪ್ಪಳ ಎಲ್ಲಿಂದ ಬರತೈತಿ?”

“ಮತ್ತ ನಿಮ್ಮ ರಾಣಿ ಅಲ್ಲೇ ನಿಂತು ಹಾಡತಾಳಲ್ರಿ?”

ಶಾಸ್ತ್ರಾರ್ಥ ಅಲ್ಲಿಗೆ ಮುಗಿಯಿತು. ಅಟ್ಟೆ ಬಿಚ್ಚಿ ಬೀಜ ತೆಗೆಯಬೇಕೆಂದು ಆಜ್ಞೆಯಾಯಿತು. ದಸ್ತಗೀರಸಾಹೇಬರು ಮೋರೆ ಸಣ್ಣದು ಮಾಡಿಕೊಂಡು ಮೊದಲ ಬೂಟಿಗೆ ಉಳಿ ಹಚ್ಚುವಷ್ಟರಲ್ಲಿ ಫೌಜದಾರರು ಇಬ್ಬರು ಪೊಲೀಸರೊಡನೆ ಬಂದಿಳಿದರು. ರೈಲಿನಲ್ಲಿ ದಂಡಿಗೆ ಹೋಗುತ್ತಿದ್ದ ಬೂಟುಗಳು ಕಳುವಾಗಿದ್ದವು. ಅವರು ಒಂದನ್ನೆತ್ತಿ ತಿರುಗಿಸಿ ನೋಡಿದರು. ಹೊಗಳಲು ಬಂದಿದ್ದಾರೆಂದು ತಿಳಿದ ಚನ್ನಬಸಪ್ಪನವರು ಉಬ್ಬಿಹೋದರು:

“ನೋಡ್ರಿ ಫೌಜದಾರ ಸಾಹೇಬ್ರ, ಸರಕಾರದ ಬೂಟಿಗೂ ಇದಕ್ಕೂ ಕೂದಲೆಳಿ ಫರಕಿಲ್ಲ!”

“ನಾನೂ ಅದನ್ನ ಹೇಳಾಕತ್ತೇನಿ,” ಎಂದ ಫೌಜದಾರರು ದಸ್ತಗೀರಸಾಹೇಬರ ಹೆಗಲ ಮೇಲೆ ಕೈಯಿಟ್ಟರು.

ಯುದ್ಧಕಾಲದಲ್ಲಿ ದಂಡಿನ ಮಾಲು ಕದ್ದರೆ ಸೆರೆಮನೆ ತಪ್ಪದು. ದಸ್ತಗೀರಸಾಹೇಬರ ಮಗಳ ನಿಕಾಹ್ ಮುಂದಿನ ಶುಕ್ರವಾರವಿತ್ತು. ಚನ್ನಬಸಪ್ಪನವರ ಮುಖದ ಬಣ್ಣ ಸೈನಿಕರ ಅಂಗಿಯ ಬಣ್ಣಕ್ಕೆ ತಿರುಗಿತು. ಈಗ ಅವರು ತಮ್ಮ ಬೂಟು ಎಷ್ಟು ಸುಳ್ಳು ಎಂದು ವಾದಿಸತೊಡಗಿದರು. ಮೊಳೆ ಸೊಟ್ಟಗಿದೆ ಎಂದರು, ಸೊಟ್ಟಗಿರಲಿಲ್ಲ. ಲಾಳ ಸಣ್ಣದು ಎಂದರು, ಅದೂ ಅಲ್ಲ.

“ಇಷ್ಟು ಛಂದ ಕೈಲೆ ಹೊಲಿದದ್ದಂತ ನಾ ನಂಬಬೇಕೇನು? ನಡೀ ಠಾಣೆಕ್ಕ,” ಎಂದರು ಫೌಜದಾರರು.

ಉಳಿ ಕೆಳಗಿಟ್ಟು ದಸ್ತಗೀರಸಾಹೇಬರು ಎದ್ದರು. “ನಡೀತೇನ್ರಿ. ಅದಕ್ಕೂ ಮೊದಲ ನಿಮ್ಮ ಮಂದ್ಯಾಗ ಯಾರರೆ ಇದನ್ನ ಮೆಟ್ಟಿ ನಡೀಲ್ರಿ.”

ಪೊಲೀಸನೊಬ್ಬ ಮೆಟ್ಟಿ ನಡೆದ. ಕಿರ್ರ್. ಇನ್ನೊಂದು ಜೊತೆ ಮೆಟ್ಟಿಸಿದರು. ಕಿರ್ರ್. ಅವನಿಗೆ ಅದು ಹಿಡಿಸಿತೆಂದು ತೋರುತ್ತದೆ, ಅಪ್ಪಣೆಯಿಲ್ಲದೆಯೇ ಇನ್ನೊಂದು ಸುತ್ತು ಹಾಕಿದ. ಫೌಜದಾರರು ಮೀಸೆ ಬಿಗಿಹಿಡಿದು ನೋಡಿದರು; ಕೊನೆಗೆ ನಗು ಒಡೆಯಿತು.

“ಈ ಬೂಟ ಹಾಕ್ಕೊಂಡ ದಂಡು ಬಂದರ, ವೈರಿ ಊಟಾ ಮುಗಿಸಿ, ಕೈ ತೊಳಕೊಂಡು, ಎಲಿ ಅಡಿಕಿ ಹಾಕ್ಕೊಂಡು ಬಂದೂಕ ಹಿಡೀಬಹುದು. ಬಿಡ್ರಿ ಅವನ್ನ.”

ಅವರು ಹೊರಟುಹೋದ ಮೇಲೆ ದಸ್ತಗೀರಸಾಹೇಬರು ಮತ್ತೆ ಉಳಿ ಕೈಗೆತ್ತಿಕೊಂಡರು. ಚನ್ನಬಸಪ್ಪನವರು ಅದನ್ನು ಕಸಿದುಕೊಂಡು, “ದನಿ ಇರಲಿ ಬಿಡೋ ಮಾರಾಯ,” ಎಂದರು.

ಪಡಿಯಚ್ಚಿನಂಥ ಅನುಕರಣೆಯನ್ನೇ ನಿಷ್ಠೆಯೆಂದು ನಾವು ಕೊಂಡಾಡುತ್ತೇವೆ. ನನ್ನ ಕಸುಬಿನಲ್ಲಂತೂ ಬರೆದವನ ಸಪ್ಪಳ ಕೇಳದಂತೆ ವಾಕ್ಯದ ಅಟ್ಟೆಯಿಂದ ಬೀಜ ಹೆಕ್ಕಿ ತೆಗೆಯುವುದೇ ಶಿಸ್ತು. ಆದರೂ ಕೈ ತಡೆಯಲಾರದೆ ಇಟ್ಟ ಒಂದು ಬೀಜವೇ ಇದು ಇಂಥವನ ಕೆಲಸವೆಂದು ಸಾಕ್ಷಿ ನುಡಿಯುವುದುಂಟು.

ಯುದ್ಧಕಾಲದಲ್ಲಿ ಫಿಲ್ಮು ಸಿಗದೆ ಚಿತ್ರ ಅರ್ಧಕ್ಕೇ ನಿಂತಿತು. ಬೂಟುಗಳು ಉಪ್ಪಿನಬೆಟಗೇರಿಯ ಚಂದ್ರವಂಶದವರ ಪಾಲಾದವು. ನಿಕಾಹ್ ಶುಕ್ರವಾರವೇ ನಡೆಯಿತು. ಚನ್ನಬಸಪ್ಪನವರು ಹೋಗಿದ್ದರು, ಫೌಜದಾರರೂ ಬಂದಿದ್ದರು. ನಿನ್ನೆ ನಾನು ಹುಬ್ಬಳ್ಳಿಗೆ ಹೋಗಿ ನನ್ನ ಜೋಡನ್ನು ದಸ್ತಗೀರಸಾಹೇಬರ ಕೈಗೆ ಕೊಟ್ಟು ಮತ್ತೆ ದನಿ ಹಾಕಿಸಿಕೊಂಡು ಬಂದೆ. ಇಂದು ಮುಂಜಾನೆ ನಾನು ಕಚೇರಿಯ ಬಾಗಿಲು ಮುಟ್ಟುವ ಮೊದಲೇ ಸಂಪಾದಕರು ಗಡಿಯಾರ ನೋಡಿದ್ದರು.