ತಂಟೆಗೊಬ್ಬ ಸಹಾಯಕಿ

ನಾರ್‌ಶೋಪಿಂಗ್‌ನಲ್ಲಿ ನನ್ನ ಮಗಳ ಮನೆಯ ಕೆಳಗೇ ಒಂದು ಬೇಕರಿ ಇದೆ. ಇವತ್ತು ಬೆಳಿಗ್ಗೆ ಬಾಗಿಲು ತಳ್ಳಿದೊಡನೆ ಏಲಕ್ಕಿಯ ವಾಸನೆ ಮುಖಕ್ಕೆ ಬಡಿಯಿತು. ಈ ಸ್ವೀಡನ್ನಿನವರು ಬನ್ನಿಗೆ ಏಲಕ್ಕಿ ಸುರಿಯುವ ಧಾರಾಳ ನೋಡಿದರೆ ನನ್ನ ಅವ್ವ ಸಂಕಟಪಟ್ಟುಕೊಳ್ಳುತ್ತಿದ್ದಳು. ಗದಗದಲ್ಲಿ ಅವಳು ಏಲಕ್ಕಿ ಡಬ್ಬಿಯನ್ನು ಸೀರೆಗಳ ನಡುವೆ ಇಡುತ್ತಿದ್ದವಳು. ಈ ವಾಸನೆಗೆ ನಿಮಗೆ ಹಬ್ಬವೋ ಮದುವೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಸರ್ಕಾರಿ ತಪಾಸಣೆ.

ಕಾರಣ ಹೇಳುತ್ತೇನೆ. ನಾನಾಗ ಸೋಡರ್‌ಟೆಲ್ಯೆಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮಗಳು ಸನಾ ಹುಟ್ಟಿದ್ದೂ ಅಲ್ಲೇ. ಹುಟ್ಟುವಾಗ ಮಿದುಳಿಗೆ ಉಸಿರು ಸಾಲದೆ ಅವಳ ಕೈಕಾಲು ಬಿಗಿದುಕೊಂಡವು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ನಾನು ಕನ್ನಡದಲ್ಲಿ ಗದರಿದರೆ ಅವಳು ಸ್ವೀಡಿಷ್‌ನಲ್ಲಿ ಎದುರುತ್ತರ ಕೊಡುತ್ತಿದ್ದಳು. ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ ಹೋಗುವ ಕಾಲದಿಂದಲೂ ಅವಳ ಜೊತೆ ಅನ್ನಿಕಾ ಇದ್ದಳು. ಸರ್ಕಾರ ಸಂಬಳ ಕೊಡುವ ಸಹಾಯಕಿ. ಉಣ್ಣಿಸುವುದು, ಉಡಿಸುವುದು, ಈಜುಕೊಳಕ್ಕೆ ಇಳಿಸುವುದು ಅವಳ ಕೆಲಸ.

ಅನ್ನಿಕಾಳ ನಿಜವಾದ ಕೆಲಸ ಏನೆಂದು ನನಗೆ ತಿಳಿದದ್ದು ಒಂದು ಸಂಜೆ. ನಮ್ಮ ಕಟ್ಟಡದ ಎಲ್ಲ ಮನೆಗಳ ಕರೆಗಂಟೆಯನ್ನೂ ಯಾರೋ ಒತ್ತಿ ಓಡಿಹೋಗಿದ್ದರು. ಓಡಿದವರ ಗಾಲಿಕುರ್ಚಿ ಮಾತ್ರ ಲಿಫ್ಟಿನಲ್ಲಿ ಸಿಕ್ಕಿಬಿತ್ತು, ಅದರಲ್ಲಿ ಸನಾಳೂ ಇದ್ದಳು. ಸನಾಳ ಬೆರಳಿಗೆ ಗಂಟೆ ಒತ್ತುವ ಶಕ್ತಿ ಇಲ್ಲ. ಅನ್ನಿಕಾಳನ್ನು ಕೇಳಿದೆ. ಅವಳು ಗಂಭೀರವಾಗಿ ಹೇಳಿದಳು: "ನಾನು ಅವಳ ಕೈ ಅಷ್ಟೇ. ಕೈಗೆ ಏನು ಗೊತ್ತು? ದೂರಿದ್ದರೆ ತಲೆಗೆ ಹೇಳಿ."

ತಲೆ ಕುರ್ಚಿಯಲ್ಲಿ ಕೂತು ಕಿಸಕ್ಕೆಂದು ನಗುತ್ತಿತ್ತು. ನೆರೆಯವರಲ್ಲಿ ಕ್ಷಮೆ ಕೇಳುತ್ತಾ ಮಹಡಿ ಮಹಡಿ ಹತ್ತಿದೆ. ಒಳಗೊಳಗೇ ನನಗೆ ಹೆಮ್ಮೆ. ಅಪ್ಪ ಅಮ್ಮನ ಕಣ್ಣು ತಪ್ಪಿಸಿ ತಂಟೆ ಮಾಡುವ ಸುಖ ಎಲ್ಲ ಮಕ್ಕಳಿಗೂ ಪುಕ್ಕಟೆ ಸಿಗುತ್ತದೆ. ನನ್ನ ಮಗಳಿಗೆ ಅದನ್ನು ಒಂದು ದೇಶ ತನ್ನ ಬೊಕ್ಕಸದಿಂದ ಒದಗಿಸುತ್ತಿತ್ತು.

ಸನಾ ಶಾಲೆಗೆ ಸೇರಿ ಕೆಲವು ವರ್ಷಗಳಾದಾಗ ಗಾಳಿ ಬದಲಾಯಿತು. ಖರ್ಚು ಮಿತಿಮೀರಿದೆ, ದುರುಪಯೋಗ ಆಗುತ್ತಿದೆ ಎಂಬ ಮಾತು ಟಿವಿಯಲ್ಲಿ ದಿನವೂ ಬರತೊಡಗಿತು. ಎಲ್ಲೋ ಆಗಿರಬಹುದು, ಇಲ್ಲವೆನ್ನಲು ನಾನ್ಯಾರು? ಆದರೆ ಕತ್ತರಿ ಬಂದದ್ದು ನಮ್ಮಂಥವರ ಊಟದ ತಟ್ಟೆಗೆ. ತುತ್ತನ್ನು ಬಾಯಿಗೆ ಇಡುವುದು ಮೂಲಭೂತ ಅಗತ್ಯವಂತೆ. ಕತ್ತರಿಸುವುದು, ಕಲಸುವುದು, ಮೂತಿ ಒರೆಸುವುದು ಅಲ್ಲವಂತೆ. ಅದರ ಮೇಲೆ ಹೆತ್ತವರ ಹೊಣೆ ಎಂಬ ಇನ್ನೊಂದು ಕತ್ತರಿ. ಆ ವಯಸ್ಸಿನ ಯಾವ ಮಗುವಿಗಾದರೂ ತಂದೆತಾಯಿ ಮಾಡುವಷ್ಟನ್ನು ಕಳೆದು, ಮಿಕ್ಕರೆ ಮಾತ್ರ ಸಹಾಯ. ಸನಾಳ ಅಗತ್ಯಗಳನ್ನು ಹೊಸದಾಗಿ ಅಳೆಯಲು ಅಧಿಕಾರಿಯೊಬ್ಬರು ಮನೆಗೇ ಬರುತ್ತಾರೆಂದು ಗೊತ್ತಾಯಿತು.

ಈ ಹಾದಿಯಲ್ಲಿ ನಮಗಿಂತ ಮುಂದೆ ಹೋಗಿದ್ದ ಒಬ್ಬ ಸ್ವೀಡಿಷ್ ತಂದೆ ಸಲಹೆ ಕೊಟ್ಟ: "ಒಳ್ಳೆಯ ದಿನದ ಮಾತೇ ಎತ್ತಬೇಡಿ. ಅತಿ ಕೆಟ್ಟ ದಿನವನ್ನು ವರ್ಣಿಸಿ." ನೀವೇ ಯೋಚಿಸಿ. ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಮಗುವನ್ನು ಕರೆದು ಮಗ್ಗಿ ಹೇಳಿಸುತ್ತೇವೆ, ಹಾಡಿಸುತ್ತೇವೆ. ನಾವು ಮಾತ್ರ ಮಗಳಿಗೆ ಏನೇನು ಬರುವುದಿಲ್ಲ ಎಂದು ಬಾಯಿಪಾಠ ಮಾಡುತ್ತಾ ಕೂತೆವು. ನನ್ನ ಹೆಂಡತಿ ರುಖಿಯಾ ಅಧಿಕಾರಿಯಾದಳು, ನಾನು ತಂದೆಯಾದೆ.

"ಬಟ್ಟೆ?" ಎಂದು ಅವಳು ಕೇಳಿದಳು.

"ಸಾಧ್ಯವಿಲ್ಲ."

"ಇಷ್ಟು ಖುಷಿಯಾಗಿ ಹೇಳಬೇಡಿ ರೀ."

ಮೂಲೆಯಲ್ಲಿದ್ದ ಸನಾ ಕೇಳಿದಳು, "ಹಾಗಾದರೆ ಅಬ್ಬಾ, ನನಗೆ ಏನು ಬರುತ್ತೆ?"



ನಮ್ಮ ತಾಲೀಮಿನಲ್ಲಿ ಅವ್ವನಿಗೆ ಪಾತ್ರ ಕೊಡುವುದನ್ನು ಮರೆತಿದ್ದೆವು. ಅವಳು ಆ ಬೇಸಿಗೆ ಗದಗದಿಂದ ಬಂದಿದ್ದಳು. ಮನೆಗೆ ದೊಡ್ಡ ಅಧಿಕಾರಿ ಬರುತ್ತಾರೆಂದು ಕೇಳಿ, ತುಪ್ಪ ಏಲಕ್ಕಿ ಹಾಕಿ ಶಿರಾ ಮಾಡಿದಳು. ಬಂದ ಹೆಂಗಸು ಬಹಳ ಸೌಮ್ಯ. ಬಾಗಿಲಲ್ಲಿ ಬೂಟು ಬಿಚ್ಚಿದಳು, ಲ್ಯಾಪ್‌ಟಾಪ್ ತೆರೆದು ಒಂದೊಂದೇ ಪ್ರಶ್ನೆ ಕೇಳಿದಳು. "ಇವಳು ತಾನಾಗಿ ತಿನ್ನುತ್ತಾಳೆಯೇ?" ಎಂದಾಗ ನಾನು ತಲೆಯಾಡಿಸಿ ಇಲ್ಲವೆಂದೆ. ಸ್ವೀಡಿಷ್ ಬಾರದಿದ್ದರೂ ಊಟದ ಪ್ರಶ್ನೆಯನ್ನು ಅವ್ವ ಯಾವ ಭಾಷೆಯಲ್ಲಾದರೂ ಗುರುತಿಸಬಲ್ಲಳು.

"ಯಾಕ ತಿನ್ನಂಗಿಲ್ಲ? ಮಂದಿ ಮುಂದ ಕೂಸಿನ ಮರ್ಯಾದಿ ಯಾಕ ತೆಗಿತೀಯೋ?" ಎಂದು ನನಗೆ ಗದರಿ, ಚಮಚ ಒಂದನ್ನು ಸನಾಳ ಮುಷ್ಟಿಯೊಳಗೆ ಸಿಕ್ಕಿಸಿದಳು. "ತೋರಸು ನನ್ನವ್ವಾ."

ಸನಾ ತೋರಿಸಿದಳು. ಕುತ್ತಿಗೆಯ ನರಗಳು ಎದ್ದು, ತುಟಿ ಕಚ್ಚಿ, ಕೈ ನಡುಗುತ್ತಾ ನಡುಗುತ್ತಾ ಆ ಚಮಚ ಮೇಲೆ ಬಂತು. ಸ್ವಲ್ಪ ಕೆನ್ನೆಗೆ ಹೋಯಿತು, ಸ್ವಲ್ಪ ಅಂಗಿಗೆ, ಒಂಚೂರು ಬಾಯಿಗೂ ಹೋಯಿತು. ಅವ್ವ ಚಪ್ಪಾಳೆ ತಟ್ಟಿದಳು. ಅಧಿಕಾರಿಯ ಮುಖವೂ ಅರಳಿತು. ನನ್ನ ಮಗಳು ಜೀವನದಲ್ಲಿ ಮೊದಲ ಸಲ ತಾನೇ ಒಂದು ತುತ್ತು ತಿಂದಿದ್ದಳು. ನಾನು ಮಾತ್ರ ಎದುರಿನ ಲ್ಯಾಪ್‌ಟಾಪಿನ ಕೀಲಿಗಳ ಸದ್ದು ಕೇಳುತ್ತಾ ಕೂತಿದ್ದೆ. ಆಮೇಲೆ ಆ ತೋಳು ರಾತ್ರಿಯವರೆಗೂ ಸೆಟೆದುಕೊಂಡೇ ಇತ್ತು. ಅದನ್ನು ನೋಡಲು ಅಧಿಕಾರಿ ಇರಲಿಲ್ಲ.

ಸಹಾಯದ ಗಂಟೆಗಳು ಕಡಿತವಾದವು. ಉಳಿದ ಚೂರುಪಾರು ಗಂಟೆಗಳ ಸಂಬಳದಲ್ಲಿ ಅನ್ನಿಕಾ ಜೀವನ ನಡೆಸುವುದು ಹೇಗೆ? ಅವಳು ಅತ್ತು, ಸನಾಳ ಹಣೆಗೆ ಮುತ್ತಿಟ್ಟು, ಬೇರೆ ಊರಿನ ಕೆಲಸಕ್ಕೆ ಹೋದಳು. ನಾನು ಕಾರ್ಖಾನೆಯಲ್ಲಿ ಅರ್ಧ ಕೆಲಸಕ್ಕೆ ಇಳಿದು ಸನಾಳ ಕೈಯಾದೆ.

ಕೈಯಾಗಿ ನಾನು ಪೂರ್ತಿ ನಾಲಾಯಕ್ಕು. ಅನ್ನಿಕಾ ಕೇಳಿದ್ದನ್ನು ಮಾಡುತ್ತಿದ್ದಳು. ನಾನು ಕೇಳದ ಉಪದೇಶವನ್ನೂ ಸೇರಿಸುತ್ತಿದ್ದೆ. ಮಳಿಗೆಯಲ್ಲಿ ಅವಳು ಮಿಠಾಯಿ ತೋರಿಸಿದರೆ ನನ್ನ ಕೈ ಸೇಬಿನ ಕಡೆ ಹೋಗುತ್ತಿತ್ತು. ಗೆಳತಿಯರು ಅವಳ ಕುರ್ಚಿಯ ಸುತ್ತ ಸೇರಿ ಗುಸುಗುಸು ಶುರುಮಾಡಿದರೆ, ಕುರ್ಚಿಯ ಹಿಂದೆ ಮೀಸೆಯ ಗಂಡಸೊಬ್ಬ ನಿಂತಿರುತ್ತಿದ್ದ. ಗುಸುಗುಸು ನಿಲ್ಲುತ್ತಿತ್ತು. "ಅಬ್ಬಾ, ಬೇರೆ ಕಡೆ ನೋಡು" ಅನ್ನುತ್ತಿದ್ದಳು. ನೋಡುತ್ತಿದ್ದೆ. ಕಿವಿಯನ್ನು ಎಲ್ಲಿಡಲಿ?

ಶಾಲೆಯಲ್ಲಿ ಪೋಷಕರ ಭೇಟಿಯ ದಿನ ಟೀಚರ್ ಸಂತೋಷದಿಂದ ಹೇಳಿದರು: "ಸನಾ ಈಗ ತುಂಬಾ ಒಳ್ಳೆಯ ಹುಡುಗಿಯಾಗಿದ್ದಾಳೆ. ಶಾಂತವಾಗಿರುತ್ತಾಳೆ, ಯಾವ ತಂಟೆಗೂ ಹೋಗುವುದಿಲ್ಲ."

ರುಖಿಯಾ ಅಲ್ಲೇ ಅಳತೊಡಗಿದಳು. ಹೊಗಳಿದ್ದಕ್ಕೆ ತಾಯಿ ಯಾಕೆ ಅಳುತ್ತಾಳೆಂದು ಟೀಚರ್‌ಗೆ ತಿಳಿಯಲಿಲ್ಲ. ಕಾರಿನಲ್ಲಿ ರುಖಿಯಾ ಕಣ್ಣೊರೆಸಿಕೊಂಡು ಹೇಳಿದಳು, "ಅಪೀಲು ಹಾಕೋಣ."

ಹಾಕಿದೆವು. ಬಹಳ ಕಾಲ ಹಿಡಿಯಿತು. ವಿಚಾರಣೆಯ ದಿನ ವಕೀಲರು ತುತ್ತು, ತೊಡುಗೆ, ಸ್ನಾನ ಎಂದು ಚೆನ್ನಾಗಿಯೇ ವಾದಿಸಿದರು. ಕೊನೆಗೆ ನ್ಯಾಯಾಧೀಶೆ ಸನಾಳ ಕಡೆ ತಿರುಗಿ, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ನಾನು ಕಣ್ಣಿನಲ್ಲೇ ಕೆಟ್ಟ ದಿನದ ಪಾಠ ನೆನಪಿಸಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ನಮ್ಮ ಅಬ್ಬಾ ಒಳ್ಳೆಯವರು," ಎಂದಳು ನಿಧಾನವಾಗಿ, ಒಂದೊಂದೇ ಪದ ಕೂಡಿಸಿ. "ಆದರೆ ಅವರ ವಿರುದ್ಧ ಏನಾದರೂ ಮಾಡಬೇಕಾದರೆ ಅವರ ಸಹಾಯವನ್ನೇ ಕೇಳಬೇಕು. ನಿಮ್ಮ ಮಕ್ಕಳು ಹಾಗೆ ಮಾಡ್ತಾರಾ?"

ನ್ಯಾಯಾಧೀಶೆ ತಲೆ ತಗ್ಗಿಸಿ ಕಾಗದದ ಮೇಲೆ ಏನೋ ಹುಡುಕಿದರು. ನಗು ತಡೆಯುವಾಗ ಅವರ ಭುಜ ಅಲುಗುತ್ತಿದ್ದುದು ನನಗೆ ಕಂಡಿತು.

ಪೂರ್ತಿ ಗೆದ್ದೆವು ಎನ್ನಲಾರೆ. ಕೆಲವು ಗಂಟೆಗಳು ಮರಳಿದವು, ಇನ್ನು ಕೆಲವನ್ನು ಕೊಮ್ಮೂನ್, ಅಂದರೆ ಊರಿನ ನಗರಸಭೆ ತುಂಬಿಕೊಟ್ಟಿತು. ಉಳಿದವು ಹೋದದ್ದು ಹೋದವೇ. ಅನ್ನಿಕಾಳೂ ಮತ್ತೆ ಬರಲಿಲ್ಲ. ಅವಳ ಜಾಗಕ್ಕೆ ಎಲ್ಸಾ ಎಂಬ ಹುಡುಗಿ ಬಂದಳು. ಕಂಡರೆ ಬಲು ಸಾಧು. ಬಂದ ವಾರದಲ್ಲೇ ಒಂದು ಬೆಳಿಗ್ಗೆ ನನ್ನ ಕಾಫಿ ಉಪ್ಪುಪ್ಪಾಗಿತ್ತು. ಸನಾ, ಎಲ್ಸಾ ಇಬ್ಬರೂ ಕಿಟಕಿಯ ಆಚೆ ನೋಡುತ್ತಿದ್ದರು. ನಾನು ಮುಖ ಕಿವಿಚದೆ ಇಡೀ ಲೋಟ ಕುಡಿದು, ಇನ್ನೂ ಇದೆಯೇ ಎಂದು ಕೇಳಿದೆ.

ಸನಾಗೆ ಈಗ ಇಪ್ಪತ್ತು ದಾಟಿದೆ. ನಾರ್‌ಶೋಪಿಂಗ್‌ನಲ್ಲಿ ಓದುತ್ತಾಳೆ. ಇವತ್ತು ನಾನು ಬೇಕರಿಗೆ ಸುಮ್ಮನೆ ಹೋದದ್ದಲ್ಲ. ಮೇಲೆ ಅವಳ ಮನೆಗೆ ಮತ್ತೊಬ್ಬ ಅಧಿಕಾರಿ ಬಂದಿದ್ದರು, ಮತ್ತೊಮ್ಮೆ ಅಳೆಯಲು. ನಾನು ಸೋಡರ್‌ಟೆಲ್ಯೆಯಿಂದ ಮೊದಲ ರೈಲಿಗೇ ಹೊರಟು ಬಂದಿದ್ದೆ, ಹೇಳಬೇಕಾದದ್ದನ್ನೆಲ್ಲ ದಾರಿಯುದ್ದಕ್ಕೂ ಉರುಹೊಡೆಯುತ್ತಾ. ಅವಳು ಬಾಗಿಲಲ್ಲೇ ತಡೆದಳು. "ನೀನು ಕೆಳಗೆ ಕೂತಿರು ಅಬ್ಬಾ. ಫೀಕಾ ಮಾಡು." ಫೀಕಾ ಅಂದರೆ ಇಲ್ಲಿಯವರ ಕಾಫಿ-ಬನ್ನಿನ ಬಿಡುವು.

ಕಾಫಿ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತೆ. ಮೇಲಿನ ಕಿಟಕಿ ತೆರೆದಿತ್ತು. ಸ್ವಲ್ಪ ಹೊತ್ತಿಗೆ ಸನಾಳ ನಗು ಕೇಳಿಸಿತು, ಹಿಂದೆಯೇ ಅಧಿಕಾರಿಯದೂ. ಮೊದಲಾಗಿದ್ದರೆ, ಇಷ್ಟು ಖುಷಿಯಾಗಿದ್ದರೆ ಎಷ್ಟು ಗಂಟೆ ಕತ್ತರಿಸುತ್ತಾರೋ ಎಂದು ನಾನು ಲೆಕ್ಕ ಹಾಕತೊಡಗುತ್ತಿದ್ದೆ. ಇವತ್ತು ಏನು ತೀರ್ಮಾನವಾಗುತ್ತದೋ ನನಗೆ ಗೊತ್ತಿಲ್ಲ. ಒಳಗೆ ನನ್ನ ಬಗ್ಗೆಯೇ ಏನೋ ಹೇಳಿ ನಗಿಸುತ್ತಿದ್ದಾಳೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಏನು ಹೇಳುತ್ತಿದ್ದಾಳೆಂದು ಕೇಳಿಸಿಕೊಳ್ಳದಿರಲು ನಾನು ಎದ್ದು ಇನ್ನೊಂದು ಬೆಂಚಿಗೆ ಹೋಗಿ ಕೂತೆ.