ಎದುರಿಗೆ ಯಾರಾದರೂ ಇದ್ದಾರೆಯೇ?

ಬೆಳಗಿನ ಐದೂಮುಕ್ಕಾಲು. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ‘ರಿಪೇರಿ ಮೇಡಂ’ ಒಂದು ಸಾಲು ಅಳಿಸಿ, ಆ ಜಾಗದಲ್ಲಿ ಎರಡು ಸಾಲು ಬರೆಯುತ್ತಾರೆ. ಅಡುಗೆಮನೆಯ ಮೇಜೇ ಕಚೇರಿ. ಲ್ಯಾಪ್‌ಟಾಪಿನ ಒಂದು ಮೂಲೆಗೆ ಬಾಟಲಿ ಮುಚ್ಚಳದ ಆಸರೆ. ತಿದ್ದಿದ್ದನ್ನು ಕಳುಹಿಸಿದ ಕ್ಷಣವೇ ಉತ್ತರ ಬರುತ್ತದೆ: ‘ನೋಡಿದೆ. ಸರಿಯಿದೆ.’

“ಕಣ್ಣು ಮಿಟುಕಿಸೋಕೂ ಇದಕ್ಕಿಂತ ಹೊತ್ತು ಬೇಕು. ನಿಜವಾಗ್ಲೂ ನೋಡೋ ಮನುಷ್ಯ ಇಷ್ಟು ಬೇಗ ನೋಡಲ್ಲ” ಎನ್ನುತ್ತಾರೆ ಅವರು.

ಹಗಲು ಅಂಗಡಿಗಳ ಬಿಲ್ಲಿಂಗ್ ಯಂತ್ರ ರಿಪೇರಿ ಮಾಡುವುದು ಇವರ ಹೊಟ್ಟೆಪಾಡು. ಅಡ್ಡಹೆಸರು ಬಂದದ್ದೂ ಅದರಿಂದಲೇ. ಬೆಳಗಿನ ಹೊತ್ತು ಮಾತ್ರ, ಒಂಬತ್ತು ವರ್ಷಗಳಿಂದ, ಇನ್ನೂರು ಸಾಲು ಕೂಡ ಇಲ್ಲದ ಒಂದು ಉಚಿತ ಕೋಡ್‌ಗೆ ಮೀಸಲು.

ಅದು ಮಾಡುವ ಕೆಲಸ ಒಂದೇ: ಎದುರಿಗೆ ಮನುಷ್ಯರಿದ್ದಾರೋ, ಬರೀ ಯಂತ್ರವೋ ಎಂದು ಬೇರೆ ತಂತ್ರಾಂಶಗಳಿಗೆ ಹೇಳುವುದು. ತಂತ್ರಾಂಶ ಬರೆಯುವವರು ಏನನ್ನಾದರೂ ಬದಲಿಸಿದಾಗಲೆಲ್ಲ, ಎಲ್ಲೋ ಇರುವ ಕಂಪ್ಯೂಟರ್ ಅದನ್ನು ತಾನಾಗಿಯೇ ಎತ್ತಿಕೊಂಡು ಓಡಿಸಿ, ಪರೀಕ್ಷಿಸಿ ನೋಡುತ್ತದೆ. ಕಂಟಿನ್ಯುಯಸ್ ಇಂಟಿಗ್ರೇಷನ್, ಚಿಕ್ಕದಾಗಿ ‘ಸಿಐ’ ಎನ್ನುವುದು ಇದಕ್ಕೇ. ಆ ಯಂತ್ರದ ಮುಂದೆ ಯಾರೂ ಕೂತಿರುವುದಿಲ್ಲ. ಅಲ್ಲಿ ತಂತ್ರಾಂಶವು ‘ಈ ಕಡತ ಅಳಿಸಲೇ?’ ಎಂದು ಕೇಳಿ ನಿಂತರೆ, ನಿಂತೇ ಇರುತ್ತದೆ.

“ಬೀಗ ಹಾಕಿದ ಮನೆ ಬಾಗಿಲು ತಟ್ಟಿದ ಹಾಗೆ. ಒಳಗೆ ಯಾರೂ ಇಲ್ಲ, ಸುಮ್ನೆ ಕೆಲ್ಸ ಮುಗಿಸು ಅಂತ ನನ್ನ ಕೋಡ್ ಅದರ ಕಿವೀಲಿ ಹೇಳತ್ತೆ. ಅಷ್ಟೇ.”

ಸಿಐ ಸೇವೆ ಕೊಡುವ ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಒಂದು ಗುರುತಿನ ಪದ ಇಟ್ಟು, ಅದರ ಮುಂದೆ ‘ಹೌದು’ ಎಂದು ಬರೆದಿರುತ್ತಾರೆ. ಕೋಡ್ ಹುಡುಕುವುದು ಆ ಗುರುತನ್ನು. ಹೊಸ ಸೇವೆಗಳು ಹುಟ್ಟುತ್ತವೆ, ಹಳೆಯವು ಗುರುತು ಬದಲಿಸುತ್ತವೆ; ಇವರು ತಿದ್ದುತ್ತಲೇ ಇರಬೇಕು. ಕಳೆದ ತಿಂಗಳು ಇದನ್ನು ಸುಮಾರು ಮೂವತ್ತು ಲಕ್ಷ ಬಾರಿ ಇಳಿಸಿಕೊಳ್ಳಲಾಗಿದೆ; ಇಳಿಸಿಕೊಂಡದ್ದು ಬಹುಪಾಲು ಯಂತ್ರಗಳೇ. ಒಂಬತ್ತು ವರ್ಷದಲ್ಲಿ ಬಂದ ಧನ್ಯವಾದಗಳು ಎರಡು. ಅದರಲ್ಲೊಂದು ಬೇರೆ ಯಾರಿಗೋ ಬರೆದದ್ದು.

“ಊರಿಗೆಲ್ಲ ಎದುರಿಗೆ ಯಾರಿದ್ದಾರೆ ಅಂತ ಹೇಳ್ತಾಳೆ. ನಾನು ಎದುರಿಗೆ ಕೂತು ಅರ್ಧ ಗಂಟೆ ಆದ್ರೂ ಇವಳಿಗೆ ಗೊತ್ತಾಗಲ್ಲ” ಎಂದು ಜೊತೆಯಲ್ಲಿರುವ ಅಕ್ಕ ಕಾಫಿ ಲೋಟ ಕುಕ್ಕುತ್ತಾರೆ.

ಯಾವ ತಿದ್ದುಪಡಿಗೂ ಇನ್ನೊಬ್ಬರ ಒಪ್ಪಿಗೆ ಬೇಕೆಂಬುದು ಮೊದಲ ದಿನದಿಂದ ಇರುವ ನಿಯಮ. ಆ ಇನ್ನೊಬ್ಬರು ಎಲ್ಲೋ ದೂರದವರು. ತಮ್ಮನ್ನು ‘ಆಮೆ’ ಎಂದು ಕರೆದುಕೊಳ್ಳುತ್ತಿದ್ದರು. ಮೇಡಂ ಆಮೆಯ ಮುಖ ಕಂಡಿಲ್ಲ, ದನಿ ಕೇಳಿಲ್ಲ.

“ಉತ್ತರಕ್ಕೆ ಮೂರು ದಿನ ತಗೊಳ್ಳೋರು. ಆದ್ರೆ ‘ಉಪ್ಪು ಸಾಲದು ಮೇಡಂ’ ಅಂತ ಬರೆದ್ರು ಅಂದ್ರೆ ಎಲ್ಲೋ ತಪ್ಪಿದೆ ಅಂತಲೇ. ಎಲ್ಲಿ ಅಂತ ಮಾತ್ರ ಹೇಳ್ತಿರಲಿಲ್ಲ! ‘ನೀವೇ ಬಂದು ಒಗ್ಗರಣೆ ಹಾಕಿ’ ಅಂತ ನಾನೂ ರೇಗ್ತಿದ್ದೆ. ವಯಸ್ಸೆಷ್ಟು, ಮನೇಲಿ ಯಾರ್ಯಾರಿದಾರೆ, ಏನೂ ಕೇಳಿಲ್ಲ. ಕೇಳ್ಬೇಕಿತ್ತು.”

ಎರಡು ವರ್ಷದ ಹಿಂದೆ ಆಮೆ ಬರೆದರು: ‘ಕೆಲವು ದಿನ ಇರೋದಿಲ್ಲ. ನನ್ನಿಂದ ಕೆಲಸ ನಿಲ್ಲೋದು ಬೇಡ, ಒಂದು ಏರ್ಪಾಟು ಮಾಡಿದೀನಿ.’ ಏರ್ಪಾಟು ಎಂದರೆ, ಅವರ ಹೆಸರಿನಲ್ಲಿ ತಾನಾಗಿಯೇ ಒಪ್ಪಿಗೆ ಒತ್ತುವ ಒಂದು ಪ್ರೋಗ್ರಾಂ. ಆಮೇಲೆ ಮಾತಿಲ್ಲ, ಕತೆಯಿಲ್ಲ. ಮೇಡಂ ಬರೆದ ಯಾವ ಸಂದೇಶಕ್ಕೂ ಉತ್ತರವಿಲ್ಲ. ಆ ಪ್ರೋಗ್ರಾಂ ನಿಲ್ಲಿಸುವುದು ಮೇಡಂಗೆ ಎರಡು ನಿಮಿಷದ ಕೆಲಸ. ನಿಲ್ಲಿಸಿಲ್ಲ.

“ಅದು ಯಂತ್ರ ಅಂತ ನಂಗೊತ್ತು. ಗುರುತಿಸೋದೇ ನನ್ನ ಕಸುಬು. ಆದ್ರೂ ಬೆಳಿಗ್ಗೆ ಎದ್ದು ಆ ಹೆಸರು ಪರದೆ ಮೇಲೆ ಕಂಡ್ರೆ, ಇರ್ಲಿ ಬಿಡು ಅನ್ಸತ್ತೆ.”

ಕಳೆದ ವಾರ ಎಡವಟ್ಟಾಯಿತು. ಹೊಸ ಸೇವೆಯೊಂದರ ಗುರುತು ಸೇರಿಸುವಾಗ, ಗುರುತು ಇದೆಯೇ ಎಂದಷ್ಟೇ ಇವರ ಕೋಡ್ ನೋಡಿತು. ಅದರ ಮುಂದೆ ಏನು ಬರೆದಿದೆ ಎಂದು ಓದಲಿಲ್ಲ. ಕೆಲವರು, ಇಲ್ಲಿ ಸಿಐ ಇಲ್ಲ ಎನ್ನಲು, ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಅದರ ಮುಂದೆ ‘ಇಲ್ಲ’ ಎಂದು ಬರೆದುಕೊಂಡಿದ್ದರು. ಕೋಡ್ ಅವರನ್ನೂ ಯಂತ್ರವೆಂದೇ ತಿಳಿಯಿತು. ಕೇಳಿ ಅಳಿಸಬೇಕಾದ ತಂತ್ರಾಂಶ ಕೇಳದೆಯೇ ಅಳಿಸಿತು. ಹಕ್ಕಿಗಳ ಕೂಗು ದಾಖಲಿಸುವ ಒಬ್ಬ ಸಂಶೋಧಕರ ನಾಲ್ಕು ತಿಂಗಳ ಧ್ವನಿಮುದ್ರಣ ಹೋಯಿತು. ‘ನಾನು ಇಲ್ಲೇ ಕೂತಿದ್ದೆ. ಒಂದು ಮಾತು ಕೇಳಬಾರದಿತ್ತೇ?’ ಎಂದು ಅವರು ನಿನ್ನೆ ಬರೆದರು. ಆ ತಪ್ಪಿಗೂ ಸಿಕ್ಕಿದ್ದ ಒಪ್ಪಿಗೆ: ‘ನೋಡಿದೆ. ಸರಿಯಿದೆ.’

ಮೇಡಂ ನಿನ್ನೆಯೇ ಆ ಆವೃತ್ತಿಯನ್ನು ಹಿಂದಕ್ಕೆ ಪಡೆದಿದ್ದಾರೆ. ಇಂದು ಬರೆದ ಎರಡು ಸಾಲು ಅದರ ತಿದ್ದುಪಡಿ.

“ಆಮೆ ಇದ್ದಿದ್ರೆ ಇದನ್ನ ಬಿಡ್ತಿರಲಿಲ್ಲ.”

“ಇದ್ದಿದ್ರೆ ತಾನೆ? ತೆಗೆದ್ಹಾಕೇ ಅದನ್ನ. ಎಷ್ಟು ದಿನ ಅಂತ ಗೋಡೆ ಜೊತೆ ಮಾತಾಡ್ತೀಯ?” ಅಕ್ಕನ ದನಿ ಈ ಸಲ ಮೆತ್ತಗಿದೆ.

“ಗೋಡೆ ಆದ್ರೂ ‘ಹೂಂ’ ಅಂತಿತ್ತಲ್ಲಕ್ಕ.”

ಏನು ಆಸೆ ಎಂದು ಕೇಳಿದರೆ ಮೇಡಂ ಹೆಚ್ಚು ಯೋಚಿಸುವುದಿಲ್ಲ. “ಒಂದ್ಸಲ ತಡವಾಗಿ ಉತ್ತರ ಬರ್ಲಿ. ಬೈದೇ ಬರೀಲಿ.”

ಅಂದು ಸಂಜೆ ಅವರು ಆ ಪ್ರೋಗ್ರಾಂ ನಿಲ್ಲಿಸಿ, ಬೆಳಿಗ್ಗೆ ಅದು ಕೊಟ್ಟಿದ್ದ ಒಪ್ಪಿಗೆಯನ್ನೂ ರದ್ದು ಮಾಡಿದರು. ತಿದ್ದುಪಡಿ ಮೂರು ದಿನ ಒಪ್ಪಿಗೆಗಾಗಿ ಕಾದಿತ್ತು. ನಾಲ್ಕನೆಯ ದಿನ, ಸಹಾಯ ಮಾಡುತ್ತೇನೆಂದು ವರ್ಷದಿಂದ ಕೇಳುತ್ತಿದ್ದ ಹೊಸಬರೊಬ್ಬರಿಗೆ ಆ ಅಧಿಕಾರ ಕೊಟ್ಟರು. ಅವರು ಒಂದು ರಾತ್ರಿ ಕಳೆದು ಬರೆದರು: ‘ಇಲ್ಲ ಅನ್ನೋ ಬದಲು ಯಾರಾದ್ರೂ ಸೊನ್ನೆ ಬರೆದಿದ್ರೆ?’ ಮೇಡಂ ಅದನ್ನೂ ಸರಿಪಡಿಸಿ ಬಿಡುಗಡೆ ಮಾಡಿದರು. ಈ ಕೋಡ್ ನೋಡಿಕೊಳ್ಳುವವರ ಪಟ್ಟಿಯಲ್ಲಿ ಈಗ ಮೂರು ಹೆಸರುಗಳಿವೆ.