ತ್ರಿಶಲಾ ಆಡಿದ ಮೂರನೇ ಆಟ

ಬ್ಯಾಕೋಡಿನ ತ್ರಿಶಲಾ ರವಿಕೆ ಹೊಲಿಯುವ ವೇಗಕ್ಕೆ ಮಿಷನ್ನಿನ ಸೂಜಿ ಕೆಂಪಗೆ ಕಾಯುತ್ತದೆ; ಅದರಲ್ಲಿ ಊರಿನ ಇಬ್ಬರು ಬೀಡಿ ಹಚ್ಚಿಕೊಂಡಿದ್ದಾರೆ. ನಂಬದವರು ಹೋಗಿ ಕೇಳಬಹುದು. ಒಬ್ಬ ತೀರಿಕೊಂಡ, ಇನ್ನೊಬ್ಬ ಬೀಡಿ ಬಿಟ್ಟ, ಅಷ್ಟೇ ತೊಂದರೆ. ಹೊಲಿಗೆಯೊಂದನ್ನು ಬಿಟ್ಟರೆ ಅವಳದ್ದೆಲ್ಲ ಮೆಲ್ಲಗೆ. ಜೈನರ ಮನೆಯ ಹೆಣ್ಣುಮಗಳು, ಇರುವೆ ಸಾಲು ಕಂಡರೆ ಅಂಗಳವನ್ನೇ ಸುತ್ತಿಕೊಂಡು ಹೋಗುತ್ತಾಳೆ, ಸೊಳ್ಳೆಯನ್ನು ಹೊಡೆಯದೆ ಊದಿ ಕಳಿಸುತ್ತಾಳೆ. ಇಂಥವಳು ಭಾನುವಾರ ಬಂತೆಂದರೆ ಸಾಗರ ಪೇಟೆಗೆ ಹೋಗಿ, ಮುಕುಂದಯ್ಯನ ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಎದುರಿನವರ ಕೋಟೆಗೆ ಬೆಂಕಿ ಇಡುತ್ತಾಳೆ.

ಇಸ್ಪೀಟಲ್ಲ, ಚಿತ್ರದ ಕಾರ್ಡುಗಳ ಆಟ. ಪೊಟ್ಟಣಗಳಲ್ಲಿ ಕೊಂಡು, ತಮ್ಮತಮ್ಮಲ್ಲಿ ಬದಲಾಯಿಸಿಕೊಂಡು, ಅವರವರ ಡೆಕ್ಕನ್ನು, ಅಂದರೆ ಆಡುವ ಕಟ್ಟನ್ನು, ಅವರವರೇ ಕಟ್ಟಿಕೊಳ್ಳಬೇಕು. ಸರದಿಗೊಂದು ಕಾರ್ಡು ಎಳೆದು, ಪ್ರಾಣಿಯನ್ನೋ ಗೋಡೆಯನ್ನೋ ಮೇಜಿಗಿಳಿಸಿ, ಎದುರಿನವರ ಜೀವಗಳನ್ನು ಮುಗಿಸಿದವರು ಗೆದ್ದರು. ತ್ರಿಶಲಾಳದು ಕೆಂಪು ಡೆಕ್ಕು. ಚಗಳಿ ಇರುವೆ, ತೋಳ, ಕಿಡಿ ಉಗುಳುವ ಓತಿಕ್ಯಾತ. ಎಲ್ಲವೂ ಇಳಿದ ಕೂಡಲೇ ಮೈಮೇಲೆ ಬೀಳುವಂಥವು. ತಡೆಯುವ ಕಾರ್ಡು ಒಂದೂ ಇಲ್ಲ. ಎದುರಿನವರು ಕಣ್ಣುಜ್ಜಿಕೊಳ್ಳುವುದರೊಳಗೆ ಗೆಲ್ಲಬೇಕು, ಇಲ್ಲವೇ ಕೈ ಖಾಲಿಯಾಗಿ ಸೋಲಬೇಕು.

ಸಾಗರದವರು ಅವಳನ್ನು ರಣಚಂಡಿ ಎಂದು ಕರೆದರು. ಪಾಪ, ರಣಚಂಡಿ ನೋಡುತ್ತಿದ್ದುದು ಗೋಡೆಯ ಗಡಿಯಾರವನ್ನು. ಶರಾವತಿ ಹಿನ್ನೀರು ದಾಟಿಸುವ ಕಡೇ ಲಾಂಚ್ ತಪ್ಪಿದರೆ ಬ್ಯಾಕೋಡಿಗೆ ಹೋಗುವವರು ಅರ್ಧ ಕರ್ನಾಟಕ ಸುತ್ತಬೇಕಿತ್ತು. ಅದಕ್ಕೇ ಬೇಗ ಮುಗಿಯುವ ಡೆಕ್ಕು. ಲಾಂಚಿನ ಕಂಬಿ ಹಿಡಿದು ನಿಂತ ಮೇಲೆ ಮಾತ್ರ ಅವಳ ಆಟ ನಿಧಾನವಾಗುತ್ತಿತ್ತು. ಸಂಜೆಯ ನೀರಿನಲ್ಲಿ ಮುಳುಗಿದ ಮರಗಳ ತಲೆಗಳು ತೇಲಿಬಂದಂತೆ ಕಾಣುತ್ತಿದ್ದವು. ಅವುಗಳ ನಡುವೆ ಅವಳ ತೋಳಗಳು ನೀರು ಕುಡಿಯುತ್ತಿದ್ದವು, ಓತಿಕ್ಯಾತಗಳು ಬಿಸಿಲು ಕಾಯಿಸುತ್ತಿದ್ದವು. ಯಾರೂ ಯಾರ ಮೇಲೂ ಬೀಳುತ್ತಿರಲಿಲ್ಲ. ಆಚೆ ದಡ ತಾಗಿದಾಗಲೇ ಅವಳಿಗೆ ಎಚ್ಚರವಾಗುತ್ತಿತ್ತು.

ಮುಕುಂದಯ್ಯ ವರ್ಷಕ್ಕೊಂದು ಪಂದ್ಯ ಇಟ್ಟು ಹಿತ್ತಾಳೆಯ ಕಪ್ಪು ಕೊಡುತ್ತಾನೆ. ಮೂರು ಆಟದಲ್ಲಿ ಎರಡು ಗೆದ್ದವರಿಗೆ ಜಯ. ಯೋಚನೆ ಮಾಡಲು ಹೊತ್ತಿನ ಮಿತಿ ಇಲ್ಲ, ಆದರೆ ನಡುವೆ ಎದ್ದುಹೋದರೆ ಸೋತಂತೆ. ಫೈನಲ್ಲಿನಲ್ಲಿ ಅವಳಿಗೆ ಯಾವಾಗಲೂ ಗಂಟುಬೀಳುವವರು ತೀರ್ಥಹಳ್ಳಿಯ ಡ್ರಾಯಿಂಗ್ ಮೇಷ್ಟ್ರು ಉಮಾಮಹೇಶ್ವರ. ಅವರದು ಮಂಜು ಮತ್ತು ಗೋಡೆಗಳ ಡೆಕ್ಕು. ಮೇಷ್ಟ್ರು ಒಂದು ಕಾರ್ಡು ಇಳಿಸಬೇಕೆ ಬೇಡವೆ ಎಂದು ಯೋಚಿಸುವಷ್ಟರಲ್ಲಿ ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳು ಮೊಟ್ಟೆಯಿಟ್ಟು, ಮರಿ ಮಾಡಿ, ಮರಿಗಳಿಗೆ ಸಂಬಂಧ ನೋಡಿ ಮುಗಿಸಿರುತ್ತವೆ. ಕೆಟ್ಟ ಮನುಷ್ಯರಲ್ಲ, ಹುಟ್ಟಾ ನಿಧಾನ. ಕಳೆದ ಎರಡು ವರ್ಷವೂ ಒಂದೊಂದು ಆಟ ಸಮವಾಗಿ, ತ್ರಿಶಲಾ ಲಾಂಚಿಗೆ ಓಡಿ, ಕಪ್ಪು ತೀರ್ಥಹಳ್ಳಿಗೆ ಹೋಯಿತು. ಕಪ್ಪಿಗಿಂತ ಅವಳನ್ನು ಕೊರೆದದ್ದು ಮೂರನೇ ಆಟ. ಅದನ್ನು ಒಮ್ಮೆ ಆಡಿ ಗೆಲ್ಲಬೇಕು, ಅಷ್ಟೇ.

ಅಷ್ಟರಲ್ಲಿ ಹಿನ್ನೀರಿನ ಮೇಲೆ ಸೇತುವೆ ಬಂತು.

"ಏನ್ ತ್ರಿಶಲಮ್ಮ, ಈ ಸಲ ಲಾಂಚ್ ನೆಪ ಇಲ್ಲ ಹಂಗಾದ್ರೆ," ಎಂದರು ಮೇಷ್ಟ್ರು, ಈ ವರ್ಷದ ಫೈನಲ್ಲಿಗೆ ಕುರ್ಚಿ ಎಳೆದುಕೊಳ್ಳುತ್ತ.

"ನಿಮಗೂ ಇಲ್ಲ ಮೇಷ್ಟ್ರೇ. ಈ ಸಲ ಲಾಂಚ್ ಬಂದು ನಿಮ್ಮನ್ನ ಗೆಲ್ಲಿಸಲ್ಲ."

ಮಾತು ಜೋರಾಗಿತ್ತು, ಆಟ ಜೋರಾಗಲಿಲ್ಲ. ಹೊತ್ತು ಬೇಕಾದಷ್ಟಿದೆ ಎಂದು ತಿಳಿದ ಕೂಡಲೇ ಅವಳಿಗೆ ಹೆದರಿಕೆ ಶುರುವಾಯಿತು. ಒಂದು ತೋಳವನ್ನು ಕಳಿಸಿ ಇನ್ನೊಂದನ್ನು ಹಿಂದೆ ಇಟ್ಟುಕೊಂಡಳು. ಮತ್ತೆ ಯೋಚಿಸಿದಳು. ಇಬ್ಬರು ನಿಧಾನಸ್ಥರು ಎದುರುಬದುರು ಕೂತ ಆ ಕೋಣೆಯಲ್ಲಿ ಗೋಡೆಯ ಕ್ಯಾಲೆಂಡರು ತಾನಾಗಿ ಎರಡು ಹಾಳೆ ಮಗುಚಿಕೊಂಡಿತಂತೆ. ಮೇಷ್ಟ್ರ ಗೋಡೆಗಳು ಎದ್ದವು, ಮಂಜು ಇಳಿಯಿತು, ಮಂಜಿನೊಳಗಿಂದ ಆನೆ ಬಂತು. ಮೊದಲ ಆಟ ಹೋಯಿತು.

"ಎಂತದೇ ಇದು?" ಎಂದಳು ಪಕ್ಕದಲ್ಲಿ ನಿಂತಿದ್ದ ಗೆಳತಿ ಸ್ವಾತಿ. "ಬೆಂಕಿ ಹಾಕದೆ ಅನ್ನ ಮಾಡಕ್ಕೆ ಕೂತಿದೀಯಲ್ಲ!"

ಎರಡನೇ ಆಟಕ್ಕೆ ತ್ರಿಶಲಾ ಕಣ್ಣು ಮುಚ್ಚಿ ಲಾಂಚನ್ನು ಕರೆದಳು. ಬಂತು. ಕೋಣೆಯ ನೆಲ ಮೆಲ್ಲಗೆ ನೀರಾಯಿತು, ಮೇಜು ತೇಲಿತು, ಪುಸ್ತಕದ ಕಪಾಟುಗಳು ಮುಳುಗಿದ ಮರಗಳಂತೆ ನೀರಿನಿಂದ ತಲೆ ಎತ್ತಿದವು. ಎಲ್ಲೋ ದೂರದಲ್ಲಿ ಲಾಂಚಿನ ಹಾರ್ನು. ಅವಳ ಕೈ ತಾನಾಗಿ ಓಡಿತು. ಮೇಷ್ಟ್ರು ಎರಡನೇ ಗೋಡೆ ಹುಡುಕುವಷ್ಟರಲ್ಲಿ ಆಟ ಮುಗಿದಿತ್ತು.

ಸಮ. ಯಾರೂ ಎದ್ದು ಓಡಲಿಲ್ಲ. ಮೂರನೇ ಆಟ ಶುರುವಾಯಿತು.

ಈಗ ಹಾರ್ನು ಕೇಳಿಸಲಿಲ್ಲ. ಒಮ್ಮೆ ಬಂದುಹೋದ ಲಾಂಚ್ ಮತ್ತೆ ಬರುವುದೆಲ್ಲಿಂದ. ಆದರೂ ಆಟ ಚೆನ್ನಾಗಿಯೇ ನಡೆಯಿತು. ಮೇಷ್ಟ್ರ ಬಳಿ ಉಳಿದದ್ದು ಕೆಲವೇ ಜೀವ, ಒಂದು ಗೋಡೆ, ಕೈಯಲ್ಲಿ ಒಂದು ಗುಟ್ಟಿನ ಕಾರ್ಡು. ಅವಳ ಬಳಿ ಮೇಜಿನ ಮೇಲೆ ಮೂರು ತೋಳ, ಕೈಯಲ್ಲಿ ಒಂದು ಕಿಡಿಯ ಕಾರ್ಡು. ಸರದಿ ಅವಳದು. ಆ ಗುಟ್ಟಿನ ಕಾರ್ಡು ಎದುರಿನವರ ಸರದಿಯಲ್ಲೂ ಇಳಿಯುವ ಮಂಜಾಗಿದ್ದರೆ ತೋಳಗಳೆಲ್ಲ ದಾರಿ ತಪ್ಪುತ್ತವೆ, ಮುಂದಿನ ಸರದಿಯಲ್ಲಿ ಅದರೊಳಗಿಂದ ಆನೆ ಬಂದು ಅವಳನ್ನು ಮುಗಿಸುತ್ತದೆ.

ಆಗ ಅವಳು ಮೇಷ್ಟ್ರ ಕೈ ನೋಡಿದಳು. ಹುಟ್ಟಿದಂದಿನಿಂದ ಅವಸರ ಕಾಣದ ಆ ಬೆರಳುಗಳು ಮೇಜಿನ ಮೇಲೆ ತಬಲಾ ಬಾರಿಸುತ್ತಿದ್ದವು. ಕಣ್ಣು ಗಡಿಯಾರದ ಮೇಲೆ, ಕಾಲು ಆಗಲೇ ಚಪ್ಪಲಿಯಲ್ಲಿ.

"ಎಂತ ಆಯ್ತು ಮೇಷ್ಟ್ರೇ?"

"ಎಂತದೂ ಇಲ್ಲ ಮಾರಾಯ್ತಿ, ಆಡು. ಹೊಸನಗರದ ಮೇಲೆ ಹೋಗೋ ಕಡೇ ಬಸ್ಸು... ಆಡು ನೀನು, ಯೋಚನೆ ಮಾಡಿ ಆಡು."

ಫೈನಲ್ಲು ಇಷ್ಟು ಹೊತ್ತು ಎಳೆದಿರಲೇ ಇಲ್ಲ. ಹಾಗಾಗಿ ತೀರ್ಥಹಳ್ಳಿಗೆ ತಮಗೂ ಒಂದು ಕಡೇ ಬಸ್ಸಿದೆ ಎಂಬುದು ಮೇಷ್ಟ್ರಿಗೇ ಮರೆತಿತ್ತು.

ಸ್ವಾತಿ ಬಗ್ಗಿ ಪಿಸುಗುಟ್ಟಿದಳು, "ಸುಮ್ನೆ ಕೂತ್ಕ. ಕೆನ್ನೆಗೆ ಕೈ ಇಟ್ಟು ಕೂತ್ಕ ಸಾಕು. ಅವರೇ ಎದ್ದು ಓಡ್ತಾರೆ, ಕಪ್ಪು ನಿಂದೇ."

ಹೌದಲ್ಲ. ನಿಯಮದಲ್ಲಿ ತಪ್ಪಿಲ್ಲ. ಎರಡು ವರ್ಷ ಕಪ್ಪು ತೀರ್ಥಹಳ್ಳಿಗೆ ಹೋದದ್ದೂ ಹೀಗೇ. ತ್ರಿಶಲಾ ಕಾರ್ಡುಗಳನ್ನು ನೋಡುತ್ತ ಕೂತಳು. ತೋಳಗಳು ಕಾರ್ಡಿನೊಳಗಿಂದ ಅವಳನ್ನೇ ನೋಡಿದವು, ದಡದಲ್ಲಿ ನಿಂತು ದಾಟಿಸಿ ಎನ್ನುವ ಜನರಂತೆ. ಕೂತೇ ಗೆದ್ದರೆ ಮೂರನೇ ಆಟ ಆಡಿದಂತೆ ಹೇಗಾಗುತ್ತದೆ? ಮೇಷ್ಟ್ರು ಬಸ್ ಸ್ಟ್ಯಾಂಡಿಗೆ ಓಡುವ ಚಿತ್ರ ಅವಳ ಕಣ್ಣಿಗೆ ಬಂತು. ಆ ಓಟ ಅವಳ ಮೊಣಕಾಲಿಗೆ ಚೆನ್ನಾಗಿ ಗೊತ್ತು.

"ಯೋಚನೆ ಆಯ್ತು ಮೇಷ್ಟ್ರೇ," ಎಂದಳು. ಮೂರೂ ತೋಳಗಳನ್ನು ಒಟ್ಟಿಗೇ ಮುಂದೆ ತಳ್ಳಿದಳು. ಕಾಯಲು ಒಂದನ್ನೂ ಉಳಿಸಲಿಲ್ಲ.

ಗೋಡೆ ಒಂದನ್ನು ತಡೆಯಿತು. ಎರಡು ಒಳನುಗ್ಗಿದವು. ಮೇಷ್ಟ್ರು ಕೈಯಲ್ಲಿದ್ದ ಕಾರ್ಡನ್ನು ಒಮ್ಮೆ ನೋಡಿ, ತಿರುಗಿಸಿ ಮೇಜಿನ ಮೇಲಿಟ್ಟರು. ಮಂಜಲ್ಲ, ಇನ್ನೊಂದು ಗೋಡೆ. ಅವರ ಸರದಿ ಬರದೆ ಏಳುವಂಥದ್ದಲ್ಲ. ಉಳಿದ ಚೂರು ಜೀವಕ್ಕೆ ತ್ರಿಶಲಾ ಕಿಡಿ ಹಚ್ಚಿದಳು.

ಮುಕುಂದಯ್ಯ ಕಪ್ಪು ತರುವಷ್ಟರಲ್ಲಿ ಮೇಷ್ಟ್ರು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿದ್ದರು.

"ಮನೆಗೆ ಕಳಿಸೋದಕ್ಕೆ ಅಂತ ನನ್ನನ್ನ ಸೋಲಿಸಿದವಳು ನೀನೊಬ್ಬಳೇ ಮಾರಾಯ್ತಿ," ಎಂದರು.

"ಓಡಿ ಮೇಷ್ಟ್ರೇ, ಮಾತು ಬೇಡ."

ಮೇಷ್ಟ್ರು ಓಡಿದರು. ಆ ಓಟಕ್ಕೆ ಸಾಗರದ ಪೇಟೆಯಲ್ಲಿ ಬೀಸಿದ ಗಾಳಿಗೆ ಎರಡು ಅಂಗಡಿಯ ಬೋರ್ಡು ಎದುರಿನ ಸಾಲಿಗೆ ಹೋಗಿ ಕೂತವು, ಇನ್ನೂ ವಾಪಸು ಬಂದಿಲ್ಲ.